ಫ್ಯೂಯಲ್ ಪಂಪ್ ರಿಕಾಲ್ ಪತ್ರ ಬಂದಿದೆ, ಕಾರು ಓಡಿಸಬಹುದಾ?

ಪ್ರಶ್ನೆ: ಸರ್, ನಮ್ಮ ಕಾರಿನ ಕಂಪನಿಯಿಂದ ರಿಕಾಲ್ ಪತ್ರ, ಅಂದರೆ ದೋಷ ಸರಿಪಡಿಸಲು ಗಾಡಿ ತನ್ನಿ ಅನ್ನೋ ಪತ್ರ, ಬಂದಿದೆ. ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್‌ನಲ್ಲಿ ದೋಷ ಇರಬಹುದು, ಬದಲಾಯಿಸಿಕೊಳ್ಳಿ ಅಂತ ಬರೆದಿದ್ದಾರೆ. ಹೊಸ ಪಂಪ್ ಬರೋದಕ್ಕೆ ಕೆಲವು ವಾರ ಬೇಕಂತೆ. ಕಾರು ಚೆನ್ನಾಗೇ ಓಡುತ್ತಿದೆ. ದಿನಾ ಹೈವೇಯಲ್ಲಿ ಕೆಲಸಕ್ಕೆ ಹೋಗಬೇಕು. ಏನು ಮಾಡಲಿ?

ಉತ್ತರ (ಸರ್ವಿಸ್ ಟೆಕ್ನಿಷಿಯನ್): ಚೆನ್ನಾಗಿ ಓಡುತ್ತಿದೆ ಅಂತ ನಂಬಿ ಕೂರಬೇಡಿ. ಈ ಪಂಪ್ ಕೆಟ್ಟು ನಿಲ್ಲುವವರೆಗೂ ಎಷ್ಟೋ ಸಲ ಸುಳಿವೇ ಸಿಗುವುದಿಲ್ಲ. ಪಂಪಿನೊಳಗೆ ಇಂಪೆಲ್ಲರ್ ಅನ್ನೋ ಪ್ಲಾಸ್ಟಿಕ್ ಚಕ್ರ ಇರುತ್ತದೆ. ಅದು ತಿರುಗಿ ಪೆಟ್ರೋಲನ್ನು ಇಂಜಿನ್ ಕಡೆ ತಳ್ಳುತ್ತದೆ. ಚಕ್ರ ಗಟ್ಟಿಯಾಗಿ ತಯಾರಾಗಿಲ್ಲದಿದ್ದರೆ ಪೆಟ್ರೋಲ್ ಹೀರಿ ಊದಿಕೊಳ್ಳುತ್ತದೆ. ಸುತ್ತಲಿನ ಸಂದು ತೀರಾ ಕಡಿಮೆ, ಹಾಗಾಗಿ ಉಜ್ಜಿ ಉಜ್ಜಿ ಕೊನೆಗೆ ಸಿಕ್ಕಿಕೊಳ್ಳುತ್ತದೆ. 2020ರಲ್ಲಿ ಟೊಯೋಟಾ ಜಗತ್ತಿನಾದ್ಯಂತ 50 ಲಕ್ಷಕ್ಕೂ ಜಾಸ್ತಿ ಗಾಡಿಗಳನ್ನು ವಾಪಸ್ ಕರೆದದ್ದು ಇದೇ ದೋಷಕ್ಕೆ. ಪಂಪ್ ಡೆನ್ಸೊ ಕಂಪನಿಯದು. ಹೋಂಡಾ ಕೂಡ ಅದೇ ಕಾರಣಕ್ಕೆ ಗಾಡಿಗಳನ್ನು ಕರೆಸಿಕೊಂಡಿತು.

ಪಂಪ್ ನಿಂತರೆ ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುತ್ತದೆ. ಸ್ಟಿಯರಿಂಗ್ ಬಿಗಿಯಾಗಬಹುದು. ಬ್ರೇಕ್‌ಗೆ ಸಿಗುವ ಸಹಾಯ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಹಾಗಾದರೆ ಪದೇ ಪದೇ ತುಳಿಯಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹಜಾರ್ಡ್ ಲೈಟ್ ಹಾಕಿ ಪಕ್ಕಕ್ಕೆ ತನ್ನಿ.

ಓಡಿಸಲೇಬೇಡಿ ಅಂತ ಪತ್ರದಲ್ಲಿದ್ದರೆ ಗಾಡಿ ಮುಟ್ಟಬೇಡಿ. ಹಾಗೆ ಬರೆದಿಲ್ಲದಿದ್ದರೂ ಹೈವೇ ಬೇಡ ಅಂತಲೇ ನಾನು ಹೇಳುತ್ತೇನೆ. ಹಿಂದೆ ಲಾರಿ ಬರುತ್ತಿರುವಾಗ ಇಂಜಿನ್ ನಿಂತರೆ ಸಮಯವೇ ಇರುವುದಿಲ್ಲ. ಪಂಪ್ ಬರುವವರೆಗೆ ಬೇರೆ ಕಾರು ಕೊಡಿ ಅಂತ ಸರ್ವಿಸ್ ಸೆಂಟರ್‌ನವರನ್ನು ಬರವಣಿಗೆಯಲ್ಲೇ ಕೇಳಿ. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ.

ಇನ್ನೊಬ್ಬರು: ನಮಗೆ ಬಂದಿರೋದು ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಬಿರುಕು ಬಿಡಬಹುದು ಅನ್ನೋ ಪತ್ರ. ಬೆಳಿಗ್ಗೆ ಗ್ಯಾರೇಜ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಹಾಗೇ ಸರ್ವಿಸ್‌ಗೆ ಓಡಿಸಿಕೊಂಡು ಹೋಗಲಾ?

ಉತ್ತರ: ದಯವಿಟ್ಟು ಬೇಡ. ಸ್ಟಾರ್ಟ್ ಮಾಡಲೂಬೇಡಿ. ಇದು ಮೇಲಿನದಕ್ಕಿಂತ ಅಪಾಯದ ವಿಷಯ. ಹಳೆಯ ಮಾದರಿ ಇಂಜಿನ್‌ಗಳಲ್ಲಿ ಇಂಜೆಕ್ಟರ್‌ಗೆ ಬರುವ ಪೆಟ್ರೋಲ್ ಒತ್ತಡ 3-4 ಬಾರ್ (ಒತ್ತಡದ ಅಳತೆ) ಅಷ್ಟೇ. ಪೆಟ್ರೋಲನ್ನು ನೇರವಾಗಿ ಸಿಲಿಂಡರ್‌ನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಅದು 200 ಬಾರ್ ಕೂಡ ಮುಟ್ಟುತ್ತದೆ. ಆ ಒತ್ತಡಕ್ಕೆ ಕೂದಲೆಳೆಯಷ್ಟು ಬಿರುಕು ಸಾಕು, ಪೆಟ್ರೋಲ್ ಕಾದ ಎಕ್ಸಾಸ್ಟ್ ಮೇಲೆ ಚಿಮ್ಮಬಹುದು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿಡಿ. ಲೈಟ್ ಸ್ವಿಚ್ ಕೂಡ ಮುಟ್ಟಬೇಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ವಾಸನೆ ಜೋರಾಗಿದ್ದರೆ ಅಥವಾ ನೆಲದ ಮೇಲೆ ಪೆಟ್ರೋಲ್ ಕಂಡರೆ ನೀವೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಆಮೇಲೆ ಕಂಪನಿಯವರಿಗೆ ಹೇಳಿ ಗಾಡಿಯನ್ನು ಹೇರಿಸಿಕೊಂಡು ಹೋಗಲು ವ್ಯವಸ್ಥೆ ಮಾಡಿಸಿ. ಸುಮ್ನೆ ಹೆದರಿಸುತ್ತಿಲ್ಲ, ವಾಸನೆ ಬಂತು ಅಂದರೆ ಸೋರಿಕೆ ಆಗಲೇ ಶುರುವಾಗಿದೆ ಅಂತಲೇ ತಿಳಿಯಬೇಕು.

ಮತ್ತೊಬ್ಬರು: ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಪತ್ರವೇ ಬಂದಿಲ್ಲ. ನನ್ನ ಕಾರೂ ಪಟ್ಟಿಯಲ್ಲಿದೆಯಾ ಅಂತ ಹೇಗೆ ತಿಳಿಯೋದು?

ಉತ್ತರ: ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಆದರೆ ರಿಕಾಲ್ ಇರೋದು ಗಾಡಿಗೆ, ಮಾಲೀಕರಿಗಲ್ಲ. ಗಾಡಿಯ ದಾಖಲೆಯಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಆದ್ದರಿಂದ ದುಂಡಗೆ ಕಂಡದ್ದು ಸೊನ್ನೆಯೇ. ಪಕ್ಕದ ಮನೆಯವರ ಅದೇ ಮಾಡೆಲ್ ಪಟ್ಟಿಯಲ್ಲಿಲ್ಲ ಅಂತ ನಿಮ್ಮದನ್ನು ನೋಡದೇ ಬಿಡಬೇಡಿ. ದೋಷದ ಪಾರ್ಟ್ ಕೆಲವು ಬ್ಯಾಚ್‌ಗಳಲ್ಲಿ ಮಾತ್ರ ಇರುತ್ತದೆ. ರಿಕಾಲ್ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ, ವಾರಂಟಿ ಮುಗಿದಿದ್ದರೂ.

ಮೊದಲು ಕೇಳಿದವರು: ಸರ್, ಒಂದು ಹೇಳೋದು ಮರೆತೆ. ಮೊನ್ನೆ ಎರಡು ಸಲ ಸ್ಟಾರ್ಟ್ ಆಗಲು ತಡವಾಯಿತು. ಏರಿನಲ್ಲಿ ಪಿಕಪ್ ಕೂಡ ಬಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇರಬಹುದು. ಪೆಟ್ರೋಲ್ ಒತ್ತಡ ಕಡಿಮೆಯಾದರೆ ಹೀಗೇ ಆಗುತ್ತದೆ. ಹಾಗಿದ್ದರೆ ಹತ್ತಿರದ ಓಡಾಟವೂ ಬೇಡ, ಇವತ್ತಿನಿಂದಲೇ ನಿಲ್ಲಿಸಿ. ಈಗ ನನಗೆ ಹೇಳಿದ್ದನ್ನೇ ಸರ್ವಿಸ್ ಸೆಂಟರ್‌ಗೆ ಹೇಳಿ, ಜಾಬ್ ಕಾರ್ಡ್‌ನಲ್ಲಿ ಬರೆಸಿ. ಲಕ್ಷಣ ಕಾಣಿಸಿರುವ ಗಾಡಿಗೆ ಮೊದಲು ಪಂಪ್ ಹಾಕಿ ಅಂತ ಪಟ್ಟು ಹಿಡಿಯಿರಿ.