ಓದುಗರ ಸ್ಪಂದನ: ಕೈಮುಗಿಯಲು ಮನಸ್ಸೇ ಬಾರದಾಗ

ಕಳೆದ ಸಂಚಿಕೆಯ ಪ್ರಶ್ನೆ: ನನ್ನ ಯಜಮಾನರು ಒಂದು ಬೆಳಗ್ಗೆ ಮನೆಯಲ್ಲೇ ಕುಸಿದು ಬಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ವರ್ಷವಾಗುತ್ತ ಬಂತು. ಚಿಕ್ಕಂದಿನಿಂದ ದೇವರನ್ನು ನಂಬಿಕೊಂಡು ಬಂದವಳು ನಾನು. ಈಗ ಕೈಮುಗಿಯಲು ಮನಸ್ಸೇ ಬರುವುದಿಲ್ಲ. ಬ್ಯಾಂಕು, ವಿಮೆ ಯಾವುದರ ಬಗ್ಗೆಯೂ ಗೊತ್ತಿರಲಿಲ್ಲ, ಒಂದೊಂದು ಕಾಗದಕ್ಕೂ ಪರದಾಡಿದೆ. ಮಕ್ಕಳು ಸ್ವಲ್ಪ ತಡವಾಗಿ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಮತ್ತೆ ನಂಬುವುದು ಹೇಗೆ? ಮುಂದೇನಾದರೂ ಆದರೆ ಸಿದ್ಧವಾಗಿರುವುದು ಹೇಗೆ?

ತಂಗೀ, ನಿಮ್ಮ ಪತ್ರ ಓದಿ ನಂಬಿಕೆ ಹೋಗಿದೆ ಅನ್ನಿಸಲಿಲ್ಲ, ಸಿಟ್ಟು ಬಂದಿದೆ ಅನ್ನಿಸಿತು. ಇಲ್ಲದವನ ಮೇಲೆ ಯಾರೂ ಇಷ್ಟು ಮುನಿಸಿಕೊಳ್ಳುವುದಿಲ್ಲ, ಅಲ್ವಾ? ನಮ್ಮ ದಾಸರು ದೇವರನ್ನು ಮುಖಕ್ಕೆ ಮುಖ ಕೊಟ್ಟು ಬೈದು ಹಾಡಿದ್ದಾರೆ. ನಿಂದಾಸ್ತುತಿ ಎಂಬ ಪದ್ಧತಿಯೇ ಇದೆ. ಬೈಬಲ್ಲಿನ 150 ಕೀರ್ತನೆಗಳಲ್ಲೂ ಎಷ್ಟೋ ಬರೀ ಗೋಳು, ದೂರು. ಅದೇ ಬೈಬಲ್ಲಿನ ಯೋಬನ ಕಥೆ ನನಗೆ ತುಂಬಾ ಸಮಾಧಾನ ಕೊಟ್ಟಿತು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡು ಕೂತವನ ಹತ್ತಿರ ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಜೊತೆಗೆ ಕೂತರು. ಅಲ್ಲಿಯವರೆಗೆ ಸರಿ ಇತ್ತು. ಆಮೇಲೆ ಬಾಯಿ ತೆರೆದು ಕಾರಣ ಹೇಳಲು ಶುರುಮಾಡಿದರು, ನೀನೇ ಏನೋ ತಪ್ಪು ಮಾಡಿರಬೇಕು ಅಂತ. ಕೊನೆಗೆ ದೇವರು ಕೋಪಿಸಿಕೊಂಡಿದ್ದು ಆ ಗೆಳೆಯರ ಮೇಲೆ. ಅಷ್ಟು ಹೊತ್ತು ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ ಅಂದ. ಹಾಗಾಗಿ ಕೈಮುಗಿಯಲು ಆಗದಿದ್ದರೆ ಬಿಡಿ, ಎದುರಿಗೆ ಕೂತು ಬೈಯಿರಿ. ಅದೂ ಮಾತುಕತೆಯೇ.
– ತಮ್ಮನನ್ನು ಕಳೆದುಕೊಂಡ ಒಬ್ಬ ಅಕ್ಕ

ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನು ನಿಮಗೆ ಈಗಾಗಲೇ ಹತ್ತಾರು ಜನ ಹೇಳಿರುತ್ತಾರೆ. ನನಗೂ ಹೇಳಿದ್ದರು, ಕೇಳಿ ಮೈ ಉರಿದಿತ್ತು. ಎಲ್ಲರಿಗೂ ಸಾವು ಬರುತ್ತೆ ಅಂದರೆ ನನ್ನ ನೋವು ಕಡಿಮೆಯಾಗುತ್ತಾ? ಆದರೆ ಒಂದು ಗಮನಿಸಿ. ಬುದ್ಧ ಕಿಸಾಗೋತಮಿಯನ್ನು ಕೂರಿಸಿಕೊಂಡು ಉಪದೇಶ ಮಾಡಲಿಲ್ಲ. ಮನೆಮನೆಗೆ ಹೋಗಿ ಬಾ ಅಂದ. ಆಕೆ ಎಷ್ಟೋ ಬಾಗಿಲಲ್ಲಿ ನಿಂತು ಎಷ್ಟೋ ಜನರ ಕಥೆ ಕೇಳಿದಳು. ನಿಮ್ಮ ಹಾಗೆ ಸಂಗಾತಿಯನ್ನು ಕಳೆದುಕೊಂಡ ಒಬ್ಬರನ್ನು ಹುಡುಕಿ ಮಾತಾಡಿ. ಒಬ್ಬರು ಸಾಕು.
– ಹೆಸರು ಬೇಡ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನೀವು ಬರೆಯದೆ ಬಿಟ್ಟ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಇಂಥ ಮನೆಯವರೆಲ್ಲ ಅದನ್ನು ಕೇಳುತ್ತಾರೆ. ನಾನು ಏನಾದರೂ ಮಾಡಿದ್ದರೆ ಉಳಿಯುತ್ತಿದ್ದರಾ? ಹೃದಯ ಒಮ್ಮೆಲೇ ನಿಂತರೆ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಆಸ್ಪತ್ರೆಯ ಹೊರಗೆ ಹಾಗೆ ಬಿದ್ದವರಲ್ಲಿ ಬದುಕುವವರು ಜಗತ್ತಿನ ಬಹುತೇಕ ಕಡೆ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಎಲ್ಲ ಗೊತ್ತಿದ್ದ ನಮ್ಮ ಕೈಯಲ್ಲೇ ಎಷ್ಟೋ ಜನ ಹೋಗಿದ್ದಾರೆ. ಆ ಬೆಳಗ್ಗೆಯನ್ನೇ ಮತ್ತೆ ಮತ್ತೆ ನೆನೆದು ನಿಮ್ಮನ್ನು ನೀವೇ ಕಟಕಟೆಯಲ್ಲಿ ನಿಲ್ಲಿಸಬೇಡಿ.

ಇನ್ನು ಸಿದ್ಧತೆ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ಪ್ರಥಮ ಚಿಕಿತ್ಸೆ, ಕಲಿಯಿರಿ, ಮಕ್ಕಳಿಗೂ ಕಲಿಸಿ. ಬಿದ್ದವರನ್ನು ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಮೊದಲು ಆಂಬುಲೆನ್ಸಿಗೆ ಫೋನು. ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯುವುದನ್ನು ನೋಡಿ ಉಸಿರಾಡುತ್ತಿದ್ದಾರೆ ಅಂದುಕೊಳ್ಳಬೇಡಿ, ಮೋಸ ಹೋಗುವುದೇ ಅಲ್ಲಿ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದಿದ್ದರೆ ಒತ್ತುತ್ತಲೇ ಇರಿ. ಪಕ್ಕೆಲುಬು ಮುರಿದರೆ ಅಂತ ಜನ ಹೆದರುತ್ತಾರೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ.

ಎದೆ ಹೊಡೆದುಕೊಳ್ಳುವ ವಿಷಯ. ಇಷ್ಟು ದೊಡ್ಡ ಪೆಟ್ಟು ತಿಂದ ಮೈ ಬೆಚ್ಚುವುದು ಸಹಜ. ಆದರೆ ಆರು ತಿಂಗಳು ಕಳೆದರೂ ಸ್ವಲ್ಪವೂ ತಗ್ಗದೆ ದಿನದ ಕೆಲಸಕ್ಕೆ ಅಡ್ಡ ಬರುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆ ಚಿಕಿತ್ಸೆ ಬೇಕಾದ ತೊಂದರೆ ಎಂದು ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ನಿಮಗೆ ಅದೇ ಆಗಿದೆ ಅಂತ ಪತ್ರ ನೋಡಿ ಹೇಳಲಾರೆ. ನಿದ್ದೆ ಕೆಟ್ಟಿದ್ದರೆ, ಮಕ್ಕಳನ್ನು ಹೊರಗೆ ಕಳಿಸಲಾಗದಷ್ಟು ಭಯವಿದ್ದರೆ ಆಪ್ತಸಮಾಲೋಚಕರನ್ನು ನೋಡಿ. ದೇವರನ್ನು ನಂಬುವವರೂ ಔಷಧಿ ತೆಗೆದುಕೊಳ್ಳುತ್ತಾರೆ.
– ನಿವೃತ್ತ ನರ್ಸ್

ಅಕ್ಕಾ, ನಂಬಿಕೆಯ ಬಗ್ಗೆ ಮಾತಾಡುವಷ್ಟು ದೊಡ್ಡವನಲ್ಲ, ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ನೋಟ್‌ಬುಕ್ ಇಡಿ. ಯಾವ ಬ್ಯಾಂಕಿನಲ್ಲಿ ಖಾತೆ, ಯಾವ ವಿಮೆ, ಯಾರಿಗೆ ಸಾಲ ಕೊಡಬೇಕು, ಯಾರಿಂದ ಬರಬೇಕು, ಮೂಲ ಪತ್ರಗಳು ಯಾವ ಕಪಾಟಿನಲ್ಲಿವೆ, ನಿಮ್ಮ ರಕ್ತದ ಗುಂಪು, ನುಂಗುವ ಮಾತ್ರೆ, ಎಲ್ಲ ಬರೆಯಿರಿ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬೇಡಿ. ನಾಮಿನಿ ಹಾಕಿದರೆ ಸಾಕು ಅಂದುಕೊಂಡವರೇ ಜಾಸ್ತಿ. ಹಣ ನಾಮಿನಿಯ ಕೈಗೆ ಬಂದರೂ ಅದು ಯಾರಿಗೆ ಸೇರಬೇಕು ಅನ್ನುವುದನ್ನು ಬಹಳ ಸಲ ಉಯಿಲು, ಇಲ್ಲವೇ ವಾರಸಿನ ಕಾನೂನು ತೀರ್ಮಾನಿಸುತ್ತದೆ. ಅದಕ್ಕೇ ಉಯಿಲು ಬರೆದಿಡಿ. ಫೋಟೊ, ಮೇಲ್‌ಗಳಿಗೆ ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. ನೀವು ಹೇಳಿದಷ್ಟು ತಿಂಗಳು ಖಾತೆ ಬಳಸದೆ ಬಿದ್ದಿದ್ದರೆ ನೀವು ಹೆಸರಿಸಿದವರಿಗೆ ತಿಳಿಸುತ್ತದೆ. ಐಫೋನಿನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ, ನಮ್ಮ ನಂತರ ನಮ್ಮ ಖಾತೆಯನ್ನು ಯಾರು ನೋಡಬಹುದು ಅಂತ ಅದರಲ್ಲಿ ಹೆಸರಿಸಿಡಬಹುದು. ಇದನ್ನೆಲ್ಲ ಮಾತಾಡಿದರೆ ಅಪಶಕುನ ಅನ್ನುತ್ತಾರೆ. ಅನ್ನಲಿ ಬಿಡಿ.
– ಅಪ್ಪನ ಕಾಗದ ಹುಡುಕಿ ಸುಸ್ತಾದ ಮಗ

ನಾನು ದೇವರನ್ನು ನಂಬುವವನಲ್ಲ, ಆದರೂ ಬರೆಯಬೇಕು ಅನ್ನಿಸಿತು. ಈಗಿನ ಫ್ರಾನ್ಸಿನ ಲಿಯಾನ್ ನಗರ ಒಂದೇ ರಾತ್ರಿಯಲ್ಲಿ ಸುಟ್ಟುಹೋದಾಗ ಪ್ರಾಚೀನ ರೋಮಿನ ತತ್ವಜ್ಞಾನಿ ಸೆನೆಕ ಒಂದು ಮಾತು ಬರೆದ: ನೆನೆಸದೆ ಬಂದ ಕಷ್ಟ ಹೆಚ್ಚು ಭಾರ, ಅದಕ್ಕೇ ಬರಬಹುದಾದ್ದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಎದುರಿಸಿಡಿ ಅಂತ. ಓದಲು ಚೆನ್ನಾಗಿದೆ. ಆದರೆ ಮಕ್ಕಳ ದಾರಿ ಕಾಯುತ್ತ ನಿಂತವರಿಗೆ ಹೇಳುವ ಮದ್ದಲ್ಲ ಅದು. ನೀವು ದಿನಾ ಅದನ್ನೇ ಮಾಡುತ್ತಿದ್ದೀರಿ, ಅದರಿಂದಲೇ ಸುಸ್ತಾಗಿದ್ದೀರಿ. ಮೇಲಿನವರು ಹೇಳಿದ ಹಾಗೆ ಕೈಯಲ್ಲಿ ಮಾಡಿ ಮುಗಿಸಬಹುದಾದ್ದನ್ನು ಮುಗಿಸಿ. ತಡವಾದರೆ ಒಂದು ಮೆಸೇಜು ಹಾಕಬೇಕು ಅಂತ ಮಕ್ಕಳ ಜೊತೆ ಮಾತು ಮಾಡಿಕೊಳ್ಳಿ. ಮೆಸೇಜು ಬಂದ ಮೇಲೆ ಮತ್ತೆ ಫೋನು ಮಾಡುವುದಿಲ್ಲ ಅಂತ ನೀವೂ ಮಾತು ಕೊಡಿ.
– ನಾಸ್ತಿಕ ಓದುಗ

ಕೋಪದ ಹಂತ ಮುಗೀತಾ, ಮುಂದಿನದು ಯಾವಾಗ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತ (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಹೇಳಿದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಆಮೇಲೆ ಅಂಟಿಸಿದರು. ಇನ್ನೊಂದು. ಮನೆ ಮಾರು, ಹಣ ಇಲ್ಲಿ ಹಾಕು ಅಂತ ಸಲಹೆ ಕೊಡುವ ನೆಂಟರು ಈಗ ಜಾಸ್ತಿ ಇರುತ್ತಾರೆ. ಒಳ್ಳೆಯವರೇ ಇರಬಹುದು. ಆದರೂ ಸಹಿ ಹಾಕುವ ಮೊದಲು ಕಾಗದವನ್ನು ಮನೆಗೆ ತಂದು ಓದಿ, ಸಂಬಂಧವಿಲ್ಲದ ಒಬ್ಬ ವಕೀಲರಿಗೆ ತೋರಿಸಿ. ಅವಸರ ಮಾಡಿದರೆ, ಹಾಕಲೇಬೇಡಿ.
– ಇಂಥದ್ದೇ ದಾರಿಯಲ್ಲಿ ನಡೆದು ಬಂದವಳು