ಮತಗಟ್ಟೆಯೊಳಗೆ ಕಂಡದ್ದು, ಅರ್ಥವಾಗದ್ದು: ನಿವೃತ್ತ ತಹಶೀಲ್ದಾರರ ಜೊತೆ ಪ್ರಶ್ನೋತ್ತರ

2024ರ ಜೂನ್ 4ರ ಎಣಿಕೆ ಮುಗಿದು ಗಲಾಟೆ ತಣ್ಣಗಾಗಿದೆ. ಕಂದಾಯ ಇಲಾಖೆಯಲ್ಲಿದ್ದಾಗ ನಾನು ಮತಗಟ್ಟೆ ಅಧ್ಯಕ್ಷಾಧಿಕಾರಿ, ಸೆಕ್ಟರ್ ಅಧಿಕಾರಿ, ಕೊನೆಗೆ ಸಹಾಯಕ ಚುನಾವಣಾಧಿಕಾರಿ, ಹೀಗೆ ಎಲ್ಲ ಮೆಟ್ಟಿಲೂ ಹತ್ತಿದವನು. ಈ ಲೋಕಸಭಾ ಚುನಾವಣೆಯಲ್ಲಿ ನಿಮಗೆ ವಿಚಿತ್ರ ಅನ್ನಿಸಿದ್ದನ್ನು ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ. ಯಾರು ಗೆಲ್ಲಬೇಕಿತ್ತು ಎಂಬ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ): ಸರ್, ನನ್ನ ಹೆಸರು ಇರುವುದು ಕುಣಿಗಲ್ ತಾಲ್ಲೂಕಿನ ಪಟ್ಟಿಯಲ್ಲಿ. ಡ್ಯೂಟಿ ಬಿದ್ದದ್ದು ಗುಬ್ಬಿ ಕಡೆಯ ಬೂತಿಗೆ. ನನ್ನ ಜೊತೆಗಿದ್ದ ತಿಪಟೂರಿನ ಮೇಡಂ ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ತೋರಿಸಿ ಅದೇ ಬೂತಿನಲ್ಲಿ ಓಟು ಹಾಕಿದರು. ನನಗೆ ಇಡಿಸಿ ಬರಲಿಲ್ಲ, ಮನೆಗೆ ಅಂಚೆ ಮತಪತ್ರವೂ ಬರಲಿಲ್ಲ. ಜಿಲ್ಲೆ ಒಂದೇ ತಾನೇ?

ಉತ್ತರ: ಜಿಲ್ಲೆ ಒಂದೇ ಮೇಡಂ, ಕ್ಷೇತ್ರ ಬೇರೆ. ನಿಮ್ಮ ಜಿಲ್ಲೆಯವರು ಪ್ರತಿ ಸಲ ಎಡವುವುದೇ ಇಲ್ಲಿ. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಪ್ರತಿಯೊಂದಕ್ಕೂ ಎಂಟೆಂಟು ವಿಧಾನಸಭಾ ಕ್ಷೇತ್ರಗಳು. ಈ ಲೆಕ್ಕ ಸರಿಹೋಗಬೇಕಾದರೆ ಜಿಲ್ಲೆಯ ಗಡಿ ಮುರಿಯಲೇಬೇಕು. ಹಾಗಾಗಿ ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಹೋಗಿದೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ ಸೇರಿವೆ. ಗುಬ್ಬಿ, ತಿಪಟೂರು ಎರಡೂ ತುಮಕೂರು ಕ್ಷೇತ್ರದೊಳಗಿವೆ. ನಿಮ್ಮ ಜೊತೆಯವರಿಗೆ ಇಡಿಸಿ ಸಿಕ್ಕಿದ್ದು ಅದಕ್ಕೆ. ಗುಬ್ಬಿಯ ಯಂತ್ರದ ಮೇಲಿದ್ದ ಅಭ್ಯರ್ಥಿಗಳೇ ಅವರ ಅಭ್ಯರ್ಥಿಗಳು. ನಿಮ್ಮ ಅಭ್ಯರ್ಥಿಗಳ ಹೆಸರು ಆ ಯಂತ್ರದಲ್ಲಿ ಇರಲೇ ಇಲ್ಲವಲ್ಲ, ಗುಂಡಿ ಒತ್ತುವುದಾದರೂ ಯಾರಿಗೆ?

ನೀವು ಮಾಡಬೇಕಿದ್ದದ್ದು ನಮೂನೆ 12 ತುಂಬಿ ಅಂಚೆ ಮತಪತ್ರ ಕೇಳುವುದು. ಇಡಿಸಿಯ ಅರ್ಜಿ ನಮೂನೆ 12ಎ. ತರಬೇತಿಯ ದಿನ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬಿದ್ದಿರುತ್ತವೆ, ಪಕ್ಕದವರು ತುಂಬಿದ್ದನ್ನು ನೋಡಿ ನಾವೂ ತುಂಬುತ್ತೇವೆ. ಇನ್ನು ಮತಪತ್ರವನ್ನು ಮನೆಗೆ ತಂದು ಪುರುಸೊತ್ತಿನಲ್ಲಿ ಗುರುತು ಹಾಕಿ ಕಳಿಸುವ ಕಾಲ ಹೋಯಿತು. 2023ರಲ್ಲಿ ನಿಯಮ ಬದಲಾಗಿ, ಡ್ಯೂಟಿಯವರು ತರಬೇತಿ ಸ್ಥಳದಲ್ಲಿ ತೆರೆಯುವ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಿ ಕೊಟ್ಟು ಬರಬೇಕು. ಆ ಕೊಠಡಿ ಎಲ್ಲಿದೆ ಎಂದು ಮೈಕಿನಲ್ಲಿ ಕೂಗುವಾಗ ಎಲ್ಲರೂ ಊಟದ ಸಾಲಿನಲ್ಲಿರುತ್ತಾರೆ, ಅದು ಬೇರೆ ಮಾತು.

ಪ್ರಶ್ನೆ (ಹುಬ್ಬಳ್ಳಿಯ ಯುವಕ): ಸರ್, ಮೇ 7ಕ್ಕ ನಾ ಬೂತಿಗೆ ಹೋದಾಗ ಮಧ್ಯಾಹ್ನ ಎರಡಾಗಿತ್ತು. ನನ್ನ ಹೆಸರ್ಲೆ ಆಗ್ಲೇ ಯಾರೋ ವೋಟ್ ಹಾಕಿ ಹೋಗಿದ್ರು. ಸಾಹೇಬ್ರು ಮಷೀನ್ ಮುಟ್ಟಲಿಕ್ಕೆ ಬಿಡ್ಲಿಲ್ಲ, ಒಂದು ಕಾಗದದ ಮ್ಯಾಲೆ ಶಿಕ್ಕಾ ಹೊಡಿಸಿ ಕವರ್‌ನ್ಯಾಗ ಹಾಕಿದ್ರು. ಅದನ್ನ ಎಣಿಸ್ಯಾರೋ ಇಲ್ಲೋ? ಹಿಂಗ 14 ಪರ್ಸೆಂಟ್ ಆದ್ರ ಮರುಮತದಾನ ಅಂತ ವಾಟ್ಸಾಪ್‌ನ್ಯಾಗ ಬಂದಿತ್ತು, ಖರೇನ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ ತಮ್ಮಾ, ಎಣಿಸಿಲ್ಲ. ನಿಮಗೆ ಕೊಟ್ಟದ್ದು ಟೆಂಡರ್ ಮತ. ಚುನಾವಣಾ ನಿಯಮಗಳ 49ಪಿ ಅದಕ್ಕೆ ಆಧಾರ. ನೀವು ನೀವೇ ಎಂದು ಅಧ್ಯಕ್ಷಾಧಿಕಾರಿಗೆ ಖಾತ್ರಿಯಾದ ಮೇಲೆ 17ಬಿ ಪಟ್ಟಿಯಲ್ಲಿ ಸಹಿ ಹಾಕಿಸಿ, ಕಾಗದದ ಮತಪತ್ರ ಕೊಟ್ಟು, ಪ್ರತ್ಯೇಕ ಲಕೋಟೆಗೆ ಸೇರಿಸುತ್ತಾರೆ. ಆ ಲಕೋಟೆ ಎಣಿಕೆಯ ಮೇಜಿಗೆ ಬರುವುದಿಲ್ಲ. ಫಲಿತಾಂಶದಿಂದ 45 ದಿನದೊಳಗೆ ಯಾರಾದರೂ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿ, ಕೋರ್ಟು ತೆರೆಯಿರಿ ಎಂದರೆ ಮಾತ್ರ ಅದಕ್ಕೆ ಬೆಳಕು.

14 ಪರ್ಸೆಂಟ್ ಸಂಗತಿ ಶುದ್ಧ ಸುಳ್ಳು. ಪ್ರತಿ ಚುನಾವಣೆಗೂ ಒಂದು ಸುತ್ತು ಬರುವ ಸಂದೇಶ ಅದು. ಅದರಲ್ಲೇ ಇನ್ನೊಂದು ಸಾಲಿರುತ್ತದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘ಸೆಕ್ಷನ್ 49ಎ’ ಪ್ರಕಾರ ಚಾಲೆಂಜ್ ಓಟು ಕೇಳಿ ಎಂದು. ಅದೂ ಸುಳ್ಳು. ಹೆಸರಿಲ್ಲ ಎಂದರೆ ಓಟಿಲ್ಲ, ವಿಧಾನಸೌಧದಿಂದ ಫೋನ್ ಮಾಡಿಸಿದರೂ ಇಲ್ಲ. ಚಾಲೆಂಜ್ ಓಟು ಎಂಬುದು ಇದೆ, ಆದರೆ ಅದು ಮತದಾರ ಕೇಳುವಂಥದ್ದಲ್ಲ. ಬಂದವರು ಅಸಲಿ ವ್ಯಕ್ತಿಯಲ್ಲ ಎಂದು ಅನುಮಾನ ಬಂದ ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತುತ್ತಾನೆ, ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನ ಮಾಡುತ್ತಾರೆ. ನಿಮ್ಮ ಬೂತಿನಲ್ಲಿ ಆ ಬೆಳಗ್ಗೆ ಕೂತಿದ್ದ ಏಜೆಂಟರಲ್ಲಿ ಒಬ್ಬನಾದರೂ ಬಾಯಿ ಬಿಟ್ಟಿದ್ದರೆ ನಿಮ್ಮ ಓಟು ಉಳಿಯುತ್ತಿತ್ತು. ಬೇಸರ ನನಗೂ ಆಗುತ್ತದೆ.

ಪ್ರಶ್ನೆ (ಅದೇ ಯುವಕ): ಹಂಗಾದ್ರ ಆ ಕಾಗದ ಕೊಡೋದ್ಯಾಕ ಸರ್, ಸಮಾಧಾನಕ್ಕೇನು?

ಉತ್ತರ: ಅರ್ಧ ಸಮಾಧಾನಕ್ಕೆ, ಇನ್ನರ್ಧ ದಾಖಲೆಗೆ. ‘ಬೇರೆಯವರು ಹಾಕಿಹೋಗಿದ್ದಾರೆ, ಮನೆಗೆ ಹೋಗಿ’ ಎಂದು ಅಟ್ಟಿಬಿಟ್ಟರೆ ಆ ಬೂತಿನಲ್ಲಿ ಕಳ್ಳ ಓಟು ಬಿದ್ದದ್ದಕ್ಕೆ ಯಾವ ಗುರುತೂ ಉಳಿಯುವುದಿಲ್ಲ. 17ಬಿಯಲ್ಲಿ ನಿಮ್ಮ ಸಹಿ ಇದೆಯೆಂದರೆ ಉಳಿಯುತ್ತದೆ. ಎಷ್ಟೋ ಜನ ಕೂಗಾಡಿ, ಆ ಕಾಗದ ಕೇಳದೆಯೇ ಹೊರಟುಬಿಡುತ್ತಾರೆ. ನೀವು ನಿಂತು ಕೇಳಿದಿರಲ್ಲ, ಸರಿಯಾದದ್ದನ್ನೇ ಮಾಡಿದಿರಿ.

ಪ್ರಶ್ನೆ (ಎಣಿಕೆ ಏಜೆಂಟ್ ಆಗಿದ್ದವರು, ಮೈಸೂರು ಭಾಗ): ಎಣಿಕೆ ಕೇಂದ್ರದಲ್ಲಿ ಒಂದು ಕಂಟ್ರೋಲ್ ಯೂನಿಟ್ಟನ್ನು (ಮತ ದಾಖಲಾಗುವ ಪೆಟ್ಟಿಗೆ) ಎಣಿಸದೆ ಎತ್ತಿ ಪಕ್ಕಕ್ಕೆ ಇಟ್ಟರು. ಕೇಳಿದ್ದಕ್ಕೆ ‘17ಸಿ ತಾಳೆಯಾಗುತ್ತಿಲ್ಲ’ ಅಂದರು. ನಾವು ಗಲಾಟೆ ಮಾಡಿದೆವು. ಅದು ಮೋಸ ಅಲ್ಲವೇ?

ಉತ್ತರ: ಸ್ವಾಮಿ, ಈ ಪ್ರಶ್ನೆಗೋಸ್ಕರವೇ ನಾನು ಕಾಯುತ್ತಿದ್ದೆ ಅನ್ನಿ. ನಮೂನೆ 17ಸಿ ಎಂದರೆ ಆ ಬೂತಿನ ದಿನದ ಲೆಕ್ಕ: ಎಷ್ಟು ಮತದಾರರು, 17ಎ ಪುಸ್ತಕದಲ್ಲಿ ಎಷ್ಟು ಸಹಿ, ಯಂತ್ರ ತೋರಿಸಿದ ಒಟ್ಟು ಎಷ್ಟು. ಮತದಾನ ಮುಗಿದ ಮೇಲೆ ಅದರ ಒಂದು ಪ್ರತಿ ನಿಮ್ಮ ಪಕ್ಷದ ಏಜೆಂಟನ ಕೈಗೂ ಬಂದಿರಬೇಕು. ಚುನಾವಣೆಯಲ್ಲಿ ಯಂತ್ರದಷ್ಟೇ ತೂಕದ ವಸ್ತು ಈ ಒಂದು ಹಾಳೆ. ಟಿವಿಯಲ್ಲಿ ಮಾತ್ರ ಇದರ ಸುದ್ದಿಯೇ ಇರುವುದಿಲ್ಲ.

ತಾಳೆಯಾಗದಿರಲು ಮಾಮೂಲಿ ಕಾರಣ ಅಣಕು ಮತದಾನ. ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಕನಿಷ್ಠ 50 ಮತ ಒತ್ತಿ ತೋರಿಸಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್, ಈ ಮೂರು ಗುಂಡಿ ಇದೇ ಕ್ರಮದಲ್ಲಿ. ತರಬೇತಿಯಲ್ಲಿ ಇದನ್ನು ‘ಸಿಆರ್‌ಸಿ’ ಎಂದು ಮಗ್ಗಿಯ ಹಾಗೆ ಹೇಳಿಸುತ್ತೇವೆ. ಆದರೂ ರಾತ್ರಿಯೆಲ್ಲ ಶಾಲೆಯ ಬೆಂಚಿನ ಮೇಲೆ ಸೊಳ್ಳೆ ಕಚ್ಚಿಸಿಕೊಂಡು, ಬೆಳಗಿನ ನಾಲ್ಕಕ್ಕೆ ಎದ್ದ ಮನುಷ್ಯ ಆ ಮೂರನ್ನೂ ಒತ್ತದೆ ಮತದಾನ ಶುರುಮಾಡಿಬಿಡುತ್ತಾನೆ. ನಾನು ಸೆಕ್ಟರ್ ಅಧಿಕಾರಿಯಾಗಿದ್ದಾಗ ಬೆಳಗ್ಗೆ ಒಂಬತ್ತರ ಸುಮಾರಿಗೆ ಒಬ್ಬರ ಫೋನು: ‘ಸರ್, ಪುಸ್ತಕದಲ್ಲಿ 112, ಯಂತ್ರದಲ್ಲಿ 162. ನಾನು ಸತ್ತೆ.’ ನೀವು ಸಾಯುವುದು ಬೇಡ, ಆಗಿದ್ದನ್ನು ಆಗಿದ್ದ ಹಾಗೆ ಡೈರಿಯಲ್ಲಿ ಬರೆದು ಏಜೆಂಟರ ಸಹಿ ಹಾಕಿಸಿ ಅಂದೆ. ಮುಚ್ಚಿಡಲು ಹೋದವರೇ ಅಮಾನತಾಗುವುದು.

2024ರ ಪದ್ಧತಿಯಂತೆ ಅಂಥ ಯಂತ್ರವನ್ನು ಎಣಿಕೆಯ ದಿನ ಪಕ್ಕಕ್ಕಿಡುತ್ತಿದ್ದರು. ಉಳಿದದ್ದೆಲ್ಲ ಮುಗಿದ ಮೇಲೆ ಮೊದಲೆರಡು ಸ್ಥಾನದವರ ನಡುವಿನ ಅಂತರ ನೋಡುತ್ತಿದ್ದರು. ಪಕ್ಕಕ್ಕಿಟ್ಟ ಯಂತ್ರಗಳ ಒಟ್ಟು ಮತಕ್ಕಿಂತ ಅಂತರ ಹೆಚ್ಚಿದ್ದರೆ ಮುಟ್ಟುತ್ತಿರಲಿಲ್ಲ, ಕಡಿಮೆಯಿದ್ದರೆ ವಿವಿಪ್ಯಾಟ್ (ಹಾಕಿದ ಮತವನ್ನು ಕಾಗದದಲ್ಲಿ ಅಚ್ಚು ಹಾಕುವ ಯಂತ್ರ) ಚೀಟಿಗಳನ್ನು ಎಣಿಸುತ್ತಿದ್ದರು. ಈ ಸಲ ಬೆಂಗಳೂರು ಗ್ರಾಮಾಂತರದಲ್ಲಿ ಅಂತರ 2,69,647. ಅಲ್ಲಿ ಒಂದು ಯಂತ್ರದ ಸಾವಿರ ಮತ ಲೆಕ್ಕಕ್ಕಿಲ್ಲ. 2019ರಲ್ಲಿ ಚಾಮರಾಜನಗರದಲ್ಲಿ ಗೆದ್ದದ್ದು 1,817 ಮತದಿಂದ. ಅಂಥ ಕಡೆ ಎರಡು ಯಂತ್ರ ಪಕ್ಕಕ್ಕೆ ಹೋದರೂ ಎಲ್ಲರ ಎದೆ ಡವಡವ.

ಪ್ರಶ್ನೆ (ಅವರೇ): ಹಾಗಿದ್ದರೆ ಚೀಟಿಗಳನ್ನೆಲ್ಲ ಎಣಿಸಿಬಿಡಲಿ ಸರ್, ತಕರಾರೇ ಇರುವುದಿಲ್ಲ.

ಉತ್ತರ: ಅದೇ ಬೇಡಿಕೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತೀರ್ಪು ಬಂದದ್ದು ಏಪ್ರಿಲ್ 26ರಂದು, ನಮ್ಮ ಮೊದಲ ಹಂತದ 14 ಕ್ಷೇತ್ರಗಳ ಜನ ಸಾಲಿನಲ್ಲಿ ನಿಂತಿದ್ದ ದಿನವೇ! ಪೂರ್ತಿ ಎಣಿಕೆ ಬೇಡ ಎಂದಿತು. ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನಂತೆ ಚೀಟಿ ಎತ್ತಿ ತಾಳೆ ನೋಡುವ ಪದ್ಧತಿ 2019ರಿಂದ ಇದೆ, ಅದೇ ಮುಂದುವರಿಯಿತು. ಅಂದರೆ ಒಂದು ಲೋಕಸಭಾ ಕ್ಷೇತ್ರಕ್ಕೆ 40, ರಾಜ್ಯಕ್ಕೆ 1,120. ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಹಣ ಕಟ್ಟಿ ಶೇ 5ರಷ್ಟು ಯಂತ್ರಗಳ ತಪಾಸಣೆ ಕೇಳಬಹುದು ಎಂಬುದು ಹೊಸದಾಗಿ ಸೇರಿದ್ದು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಐದರ ಬದಲು ಇನ್ನಷ್ಟು ಎಣಿಸಿದ್ದರೆ ನಷ್ಟವೇನಿಲ್ಲ, ಎರಡು ಗಂಟೆ ತಡವಾಗುತ್ತಿತ್ತು ಅಷ್ಟೆ. ಆದರೆ ಚೀಟಿ ಎಣಿಸುವ ಕೈಗಳೂ ಸುಸ್ತಾದ ಕೈಗಳೇ ಎಂಬುದನ್ನು ಮರೆಯಬೇಡಿ. ಆ ಚೀಟಿ ಎಷ್ಟು ಸಣ್ಣದು, ಹೇಗೆ ಸುರುಳಿ ಸುತ್ತಿಕೊಳ್ಳುತ್ತದೆ ಎಂದು ಎಣಿಸಿದವರಿಗೇ ಗೊತ್ತು.

ಪ್ರಶ್ನೆ (ಕೊಳ್ಳೇಗಾಲ): ನಮ್ಮ ಕಡೆ ಮರುಮತದಾನದಲ್ಲಿ ಮಧ್ಯದ ಬೆರಳಿಗೆ ಶಾಯಿ ಹಾಕಿದರಂತೆ, ಯಾಕೆ?

ಉತ್ತರ: ತೋರುಬೆರಳಿನಲ್ಲಿ ಮೊದಲ ಮತದಾನದ ಶಾಯಿ ಇರಬಹುದಲ್ಲ, ಅದಕ್ಕೆ. ಹನೂರು ತಾಲ್ಲೂಕಿನ ಇಂಡಿಗನತ್ತದ ವಿಷಯ ತಾನೇ? ರಸ್ತೆ, ನೀರು, ಕರೆಂಟು ಇಲ್ಲ ಎಂದು ಬಹಿಷ್ಕಾರ ಹಾಕಿದ್ದರು, ಏಪ್ರಿಲ್ 26ರಂದು ಗಲಾಟೆಯಾಗಿ ಯಂತ್ರವೇ ಒಡೆಯಿತು, 29ಕ್ಕೆ ಮರುಮತದಾನವಾಯಿತು. ಅಂದಹಾಗೆ ಆ ಶಾಯಿ ದೇಶಕ್ಕೆಲ್ಲ ಹೋಗುವುದು ನಿಮ್ಮ ಪಕ್ಕದ ಮೈಸೂರಿನಿಂದಲೇ, 1962ರ ಚುನಾವಣೆಯಿಂದ.

ಪ್ರಶ್ನೆ (ಬೆಂಗಳೂರು, ಜಯನಗರ): ಮಂಡ್ಯದಲ್ಲಿ ಶೇ 81 ದಾಟಿದೆ, ನಮ್ಮ ಬೆಂಗಳೂರು ದಕ್ಷಿಣ 53ರ ಹತ್ತಿರ. ನಮ್ಮ ಜನಕ್ಕೆ ನಾಚಿಕೆಯೇ ಇಲ್ಲವೇ?

ಉತ್ತರ: ನಾಚಿಕೆಯ ಪಾಲು ಸ್ವಲ್ಪ ಇದೆ, ಪಟ್ಟಿಯ ಪಾಲೂ ಇದೆ. ಮಂಡ್ಯದ ಹಳ್ಳಿಯಲ್ಲಿ ಸತ್ತವರು ಯಾರು, ಮದುವೆಯಾಗಿ ಹೋದವರು ಯಾರು ಎಂದು ಬೂತಿನ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒಗೆ ಬಾಯಿಪಾಠ. ನಿಮ್ಮಲ್ಲಿ ಬಾಡಿಗೆ ಮನೆ ಬದಲಿಸಿದವರು ಹೊಸ ಕಡೆ ಹೆಸರು ಸೇರಿಸುತ್ತಾರೆ, ಹಳೆಯದನ್ನು ತೆಗೆಸುವುದಿಲ್ಲ. ಇಲ್ಲದ ಜನರ ಹೆಸರು ಪಟ್ಟಿಯಲ್ಲಿದ್ದಷ್ಟೂ ಶೇಕಡಾವಾರು ಕುಸಿಯುತ್ತದೆ. ಮನೆ ಬದಲಿಸಿದವರು ನಮೂನೆ 8 ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಪ್ರಶ್ನೆ (ದಾವಣಗೆರೆ, ಪದವಿ ವಿದ್ಯಾರ್ಥಿ): 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿಗೆ 135 ಕೊಟ್ಟ ಜನ ವರ್ಷದೊಳಗೆ ಒಂಬತ್ತಕ್ಕೆ ಇಳಿಸಿ, ಬಿಜೆಪಿಗೆ 17, ಜೆಡಿಎಸ್‌ಗೆ 2 ಕೊಟ್ಟರು. ಜನರ ಮನಸ್ಸು ಇಷ್ಟು ಬೇಗ ಬದಲಾಗುತ್ತದೆಯೇ?

ಉತ್ತರ: ಬದಲಾಗಲಿಲ್ಲ ಮಗಾ, ಅದು ಎರಡು ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಎರಡು ಉತ್ತರ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರೆ, 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಕೊಟ್ಟರು. ನಡುವೆ ಮೂರೇ ತಿಂಗಳು. 2013ರಲ್ಲಿ ಕಾಂಗ್ರೆಸ್ಸಿಗೆ 122, 2014ರಲ್ಲಿ ಅದೇ ಒಂಬತ್ತು. 2014ರ 17–9–2 ಹತ್ತು ವರ್ಷದ ಮೇಲೆ ಅಚ್ಚು ಹೊಡೆದಂತೆ ಮರಳಿ ಬಂದಿದೆ ನೋಡಿ.

ಪ್ರಶ್ನೆ (ಬೆಳಗಾವಿ): ಪಕ್ಷೇತರರನ್ನು ನಿಲ್ಲದ ಹಾಗೆ ಮಾಡಬಾರದೇ? ಯಂತ್ರದಲ್ಲಿ ನಮ್ಮ ಅಭ್ಯರ್ಥಿಯನ್ನು ಹುಡುಕುವುದೇ ಕಷ್ಟ.

ಉತ್ತರ: ಈ ಮಾತು ಬೆಳಗಾವಿಯವರೇ ಕೇಳಬೇಕು! 1996ರಲ್ಲಿ ಗಡಿ ವಿವಾದದ ಕಡೆ ದೇಶದ ಗಮನ ಸೆಳೆಯಲೆಂದು ನಿಮ್ಮಲ್ಲಿ ಹಿಂಡು ಹಿಂಡಾಗಿ ನಾಮಪತ್ರ ಹಾಕಿ, ಕಣದಲ್ಲಿ ಉಳಿದವರು 456. ಇವತ್ತಿನ ಎಂ3 ಮಾದರಿಯ ಯಂತ್ರಕ್ಕೆ 24 ಬ್ಯಾಲೆಟ್ ಯೂನಿಟ್ (ಹೆಸರು, ಗುಂಡಿಗಳಿರುವ ಪೆಟ್ಟಿಗೆ) ಜೋಡಿಸಿದರೂ ನೋಟಾ ಸೇರಿ 384ಕ್ಕೆ ಮುಗಿಯಿತು. ಆಗ 500 ರೂಪಾಯಿ ಇದ್ದ ಠೇವಣಿ ಅದೇ ವರ್ಷ 10,000ಕ್ಕೆ ಏರಿತು, ಈಗ 25,000. ಆದರೆ ನಿಲ್ಲುವ ಹಕ್ಕನ್ನು ಕಿತ್ತುಕೊಳ್ಳಬಾರದು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಎದುರು ಇನ್ನೂ ಮೂವರು ಸುಮಲತಾ ನಿಂತಿದ್ದರು. ಮತದಾರರು ಫೋಟೊ ನೋಡಿ, ಕಹಳೆ ಊದುವ ರೈತನ ಗುರುತು ಹುಡುಕಿ ಒತ್ತಿದರು. ಗೆದ್ದದ್ದೂ ಪಕ್ಷೇತರರೇ.

ಪ್ರಶ್ನೆ (ಮೊದಲಿನ ಶಿಕ್ಷಕಿ): ಸರ್, ನಮೂನೆ 12 ಎಂದು ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟೆ. ಜೊತೆಗೆ ಏನೇನು ಇಟ್ಟುಕೊಳ್ಳಬೇಕು?

ಉತ್ತರ: ಡ್ಯೂಟಿ ಆದೇಶದ ಪ್ರತಿ, ಎಪಿಕ್ (ಮತದಾರರ ಗುರುತಿನ) ಕಾರ್ಡಿನ ಪ್ರತಿ, ಪಟ್ಟಿಯಲ್ಲಿ ನಿಮ್ಮ ಭಾಗದ ಸಂಖ್ಯೆ ಮತ್ತು ಕ್ರಮ ಸಂಖ್ಯೆ. ಎಲ್ಲಕ್ಕೂ ಹಿಂದಿನ ದಿನವೇ ಜೆರಾಕ್ಸ್ ಮಾಡಿಸಿಕೊಳ್ಳಿ ಮೇಡಂ. ತರಬೇತಿಯ ದಿನ ಆ ಕಾಲೇಜಿನ ಎದುರಿನ ಅಂಗಡಿಯಲ್ಲಿ ಇನ್ನೂರು ಜನ ಮೇಷ್ಟ್ರು ಸಾಲುಗಟ್ಟಿರುತ್ತಾರೆ.