ಬ್ಯಾಂಕಾಕ್‌ಗೆ ಎರಡನೇ ಸಲ, ಈ ಬಾರಿ ಅಮ್ಮನ ಜೊತೆ. ಅರಮನೆ ಬಿಟ್ಟು ಏನು ತೋರಿಸಲಿ?

ಅಟ್ಟೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾನು ಮತ್ತು ಅಮ್ಮ ಐದು ದಿನ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ. ಮೂರು ವರ್ಷದ ಹಿಂದೆ ಒಂದು ಟೂರ್ ಕಂಪನಿಯವರ ಜೊತೆ ಹೋಗಿದ್ದೆವು. ಅರಮನೆ, ವಾಟ್ ಫೋದ ಮಲಗಿದ ಬುದ್ಧ, ವಾಟ್ ಅರುಣ್, ಎಲ್ಲ ಒಂದೇ ದಿನ. ಬಸ್ಸಿನಿಂದ ಇಳಿ, ಫೋಟೊ ತೆಗಿ, ಮತ್ತೆ ಹತ್ತು. ಉಳಿದ ಹೊತ್ತೆಲ್ಲ ಮಾಲ್ ಮತ್ತು ಹರಳಿನ ಅಂಗಡಿ. ಊರಿಗೆ ಬಂದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಅಲ್ಲಿಯ ಜನ ದಿನಾ ಏನು ಮಾಡ್ತಾರೆ ಅಂತ ಗೊತ್ತೇ ಆಗ್ಲಿಲ್ಲ."

ನಮ್ಮದು ಉಡುಪಿ ಹತ್ತಿರದ ಶಂಕರಪುರ. ಅಮ್ಮನಿಗೆ 64. ನಲವತ್ತು ವರ್ಷದಿಂದ ಮಲ್ಲಿಗೆ ಬೆಳೆದು, ಕಟ್ಟಿ, ಮಾರಿದವರು. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಎಡಗಾಲಿನ ಮಂಡಿ ನೋವು ಇದೆ. ಆದರೆ ನಿಧಾನಕ್ಕೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಅಲ್ಲಿ ಇರುವವರು ಯಾರಾದರೂ ಇದ್ದರೆ ಹೇಳುತ್ತೀರಾ?

ಸೈಕಲ್‌ಸವಾರ:

ಬಾಂಗ್ ಕ್ರಚಾವ್‌ಗೆ ಹೋಗಿ. ಚಾವೊ ಫ್ರಾಯ ನದಿ ಒಂದು ದೊಡ್ಡ ಸುತ್ತು ಹಾಕುತ್ತದೆ. ಆ ಸುತ್ತಿನ ಒಳಗೆ ಪೂರ್ತಿ ತೆಂಗು, ಬಾಳೆ, ಜೌಗು ನೆಲ. ಖ್ಲೋಂಗ್ ತೋಯ್ ಕಡೆಯಿಂದ ಸಣ್ಣ ದೋಣಿಯಲ್ಲಿ ದಾಟಿದರೆ ಐದೇ ನಿಮಿಷ. ಆ ದಡದಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಶನಿವಾರ, ಭಾನುವಾರ ಬಾಂಗ್ ನಾಮ್ ಫುಂಗ್ ಸಂತೆಯೂ ಇರುತ್ತದೆ. ಒಂದು ಎಚ್ಚರಿಕೆ: ಒಳಗಿನ ಕಾಂಕ್ರೀಟ್ ದಾರಿ ನೆಲದಿಂದ ಮೇಲಿದೆ, ಕಿರಿದು, ಎಷ್ಟೋ ಕಡೆ ಪಕ್ಕದಲ್ಲಿ ಕಂಬಿ ಇಲ್ಲ. ಅಮ್ಮ ನಡೆದುಕೊಂಡೇ ನೋಡಲಿ.

ಆನ್‌ನುತ್_ಮೈಸೂರು:

ನಮಸ್ಕಾರ. ಮೈಸೂರಿನವಳು, ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ನಿಮ್ಮ ಅಮ್ಮ ಮಲ್ಲಿಗೆ ಕಟ್ಟುವವರು ಎಂದು ಓದಿದ ಕೂಡಲೇ ಬರೆಯಲೇಬೇಕು ಅನ್ನಿಸಿತು. ಬೇರೆ ಎಲ್ಲ ಆಮೇಲೆ. ಮೊದಲು ಪಾಕ್ ಖ್ಲೋಂಗ್ ತಲಾತ್‌ಗೆ ಕರೆದುಕೊಂಡು ಹೋಗಿ. ಈ ಊರಿನ ದೊಡ್ಡ ಹೂವಿನ ಮಾರ್ಕೆಟ್ ಅದು. ಹೆಸರಿನ ಅರ್ಥ ಕಾಲುವೆ ಬಾಯಿಯ ಸಂತೆ. ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ಸನಾಮ್ ಚಾಯ್ ಮೆಟ್ರೊ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಆದರೆ ಮೆಟ್ರೊ ಶುರುವಾಗುವ ಮೊದಲೇ ಹೋಗಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಟ್ಯಾಕ್ಸಿ ಮಾಡಿ. ಅಮ್ಮನಿಗೆ ಆ ಹೊತ್ತಿಗೆ ಏಳುವುದು ಅಭ್ಯಾಸ ಇರುತ್ತದೆ, ಅಲ್ವಾ?

ಚೆಂಡುಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಮಲ್ಲಿಗೆ ಮೊಗ್ಗನ್ನು ಮಂಜುಗಡ್ಡೆಯ ಜೊತೆ ಇಟ್ಟಿರುತ್ತಾರೆ, ಲೀಟರ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ನಿಮ್ಮಲ್ಲಿ ಅಟ್ಟೆ, ಚೆಂಡು ಎನ್ನುವ ಹಾಗೆ ಇಲ್ಲಿ ಲೀಟರ್. ಇನ್ನೊಂದು ಗುಡ್ಡೆ ನೋಡಿ ಅಮ್ಮ ಖಂಡಿತ ನಿಲ್ಲುತ್ತಾರೆ. ಅದು ಬಿಳಿ ಎಕ್ಕದ ಹೂ. ನಾವು ಗಣಪತಿಗೆ ಏರಿಸುತ್ತೇವಲ್ಲ, ಅದೇ. ಥಾಯ್ ಭಾಷೆಯಲ್ಲಿ ಅದು 'ದೋಕ್ ರಾಕ್'. ರಾಕ್ ಎಂದರೆ ಪ್ರೀತಿ ಎಂಬ ಅರ್ಥವೂ ಇರುವುದರಿಂದ ಮದುವೆಯ ಹಾರಕ್ಕೂ ಅದು ಬೇಕು.

ಈಗ ಮುಖ್ಯ ವಿಷಯ. ಇಲ್ಲಿ ಹಾರ ಕಟ್ಟುವುದಿಲ್ಲ, ಪೋಣಿಸುತ್ತಾರೆ. ಒಂದು ಗೇಣಿಗಿಂತ ಉದ್ದದ ಉಕ್ಕಿನ ಸೂಜಿ. ಹೂ ಸಲೀಸಾಗಿ ಜಾರಲಿ ಎಂದು ಅದಕ್ಕೆ ವ್ಯಾಸಲಿನ್ ಸವರುತ್ತಾರೆ. ಮೊಗ್ಗನ್ನು ಒಂದೊಂದಾಗಿ ಸುತ್ತಲೂ ಚುಚ್ಚುತ್ತಾ ಹೋಗುತ್ತಾರೆ. ಸೂಜಿ ತುಂಬಿದ ಮೇಲೆ ಪೂರ್ತಿ ಸಾಲನ್ನು ಒಮ್ಮೆಗೇ ದಾರಕ್ಕೆ ಎಳೆಯುತ್ತಾರೆ. ಕೈ ಸ್ವಲ್ಪ ಬಿಗಿಯಾದರೆ ಮೊಗ್ಗು ಸೀಳುತ್ತದೆ. ನಾನು ಮೊದಲ ವರ್ಷ ಒಬ್ಬ ಹೆಂಗಸಿನ ಪಕ್ಕ ಸುಮ್ನೆ ಕೂತು ನೋಡುತ್ತಿದ್ದೆ. ನಾಲ್ಕನೇ ದಿನ ಅವರೇ ಒಂದು ಸೂಜಿ ನನ್ನ ಕೈಗೆ ಕೊಟ್ಟರು. ಅವರನ್ನು 'ಪಾ' ಎಂದು ಕರೆಯುತ್ತೇನೆ. ಅಪ್ಪ ಅಥವಾ ಅಮ್ಮನ ಅಕ್ಕನಿಗೆ ಇಲ್ಲಿ ಹಾಗೆ ಕರೆಯುತ್ತಾರೆ. ನಮ್ಮ ದೊಡ್ಡಮ್ಮ ಎಂದುಕೊಳ್ಳಿ. ನಿಮ್ಮ ಅಮ್ಮನೂ ಹಾಗೆ ಕರೆಯಲಿ, ಮುಖ ಅರಳುವುದನ್ನು ನೋಡಿ. ಇಲ್ಲಿ ಆಗಸ್ಟ್ 12 ತಾಯಂದಿರ ದಿನ. ಆ ದಿನದ ಗುರುತೇ ಮಲ್ಲಿಗೆ, ಮಕ್ಕಳು ಅಮ್ಮನ ಕೈಗೆ ಮಲ್ಲಿಗೆ ಹಾರ ಕೊಡುತ್ತಾರೆ. ಹೂ ಕಟ್ಟುವ ಒಬ್ಬ ತಾಯಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬಿಸಿಲೇರುವ ಮುಂಚೆ ಅಲ್ಲೇ ಇರುವ ಕಡವಿನಿಂದ ದೋಣಿಯಲ್ಲಿ ಹೊಳೆ ದಾಟಿ. ಕೆಲವೇ ಬಾತ್ ಕೊಟ್ಟರೆ ಸಾಕು. ಆಚೆ ದಡ ಥೋನ್‌ಬುರಿ. 1767ರಲ್ಲಿ ಹಳೆಯ ರಾಜಧಾನಿ ಅಯುತ್ಥಯ ಬಿದ್ದ ಮೇಲೆ 1782ರವರೆಗೆ ರಾಜಧಾನಿ ಅದೇ ಆಗಿತ್ತು. ಇಳಿಯುವುದು ವಾಟ್ ಕಲ್ಯಾಣಮಿತ್ ಹತ್ತಿರ. ಹೆಸರೇ ನಮ್ಮದು, ಕಲ್ಯಾಣಮಿತ್ರ! ಅಲ್ಲಿಂದ ನದಿ ಪಕ್ಕದ ದಾರಿ ಹಿಡಿದರೆ ಮೊದಲು ಚೀನೀಯರ ಗುವಾನ್ ಯಿನ್ ಗುಡಿ, ಆಮೇಲೆ ಸಾಂತಾ ಕ್ರೂಜ್ ಚರ್ಚ್. ಅದರ ಹಿಂದಿನ ಗಲ್ಲಿಗಳೇ ಕುದಿ ಚೀನ್. ರಾಜ ತಾಕ್ಸಿನ್ ಪೋರ್ಚುಗೀಸರಿಗೆ ಕೊಟ್ಟ ಜಾಗ ಅದು. ಅವರ ವಂಶದವರು ಈಗಲೂ ಇದ್ದಾರೆ, ಮನೆಯಲ್ಲೇ ಕೇಕ್ ಸುಡುತ್ತಾರೆ. ಅದಕ್ಕೆ ಬಾತುಕೋಳಿ ಮೊಟ್ಟೆ ಹಾಕುತ್ತಾರೆ, ಅಮ್ಮನಿಗೆ ಆಗುವುದಿಲ್ಲ. ಎರಡು ಕೈ ಚಾಚಿದರೆ ಎರಡೂ ಕಡೆ ಗೋಡೆ ಮುಟ್ಟುವಷ್ಟು ಸಣ್ಣ ಗಲ್ಲಿಗಳು. ಅಲ್ಲಿಯವರು ಬಾಗಿಲಲ್ಲೇ ಕೂತು ತರಕಾರಿ ಹೆಚ್ಚುತ್ತಿರುತ್ತಾರೆ. ಜನ ದಿನಾ ಏನು ಮಾಡುತ್ತಾರೆ ಎಂಬ ಅಮ್ಮನ ಪ್ರಶ್ನೆಗೆ ಉತ್ತರ ಆ ಗಲ್ಲಿಗಳಲ್ಲಿ ಸಿಗುತ್ತದೆ.

ಇನ್ನೊಂದು ದಿನ ಬಾನ್ ಬಾತ್ ನೋಡಿ. ಚಿನ್ನದ ಗುಡ್ಡ ಎನ್ನುತ್ತಾರಲ್ಲ, ವಾಟ್ ಸಕೇತ್, ಅದರ ಹತ್ತಿರದ ಗಲ್ಲಿ. ಭಿಕ್ಕುಗಳ ಭಿಕ್ಷಾಪಾತ್ರೆಯನ್ನು ಅಲ್ಲಿ ಇನ್ನೂ ಕೈಯಲ್ಲೇ ಬಡಿಯುತ್ತಾರೆ. ಎಂಟು ತುಂಡು ಉಕ್ಕು ಸೇರಿಸಿ ಒಂದು ಪಾತ್ರೆ. ಬುದ್ಧ ಹೇಳಿದ ಎಂಟು ದಾರಿಗೆ ಅದು ಗುರುತು. ಕಾರ್ಖಾನೆಯ ಅಗ್ಗದ ಪಾತ್ರೆ ಬಂದ ಮೇಲೆ ಈ ಕೆಲಸ ಕೆಲವೇ ಮನೆಗಳಲ್ಲಿ ಉಳಿದಿದೆ. ಸುತ್ತಿಗೆ ಸದ್ದು ಹಿಡಿದು ಹೋದರೆ ಮನೆ ಸಿಗುತ್ತದೆ.

ಊಟದ ಚಿಂತೆ ಬೇಡ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಹುಡುಕಿ, 17 ಎಂದು ಬರೆದ ಹಾಗೆ ಕಾಣುತ್ತದೆ. ಅದು 'ಜೇ'. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ "ಮಾಯ್ ಸಾಯ್ ನಾಮ್ ಪ್ಲಾ" ಎನ್ನಿ, ಮೀನಿನ ಸಾಸ್ ಹಾಕಬೇಡಿ ಎಂದು ಅರ್ಥ. ಹೂಮಾರ್ಕೆಟ್ ಹತ್ತಿರವೇ ಫಾಹುರತ್‌ನಲ್ಲಿ ಚಿನ್ನದ ಗುಮ್ಮಟದ ಗುರುದ್ವಾರ ಇದೆ. ಬೆಳಿಗ್ಗೆ ತಲೆಗೆ ಬಟ್ಟೆ ಹಾಕಿಕೊಂಡು ಹೋದರೆ ಲಂಗರ್‌ನಲ್ಲಿ ಬಿಸಿ ರೊಟ್ಟಿ, ದಾಲ್ ಸಿಗುತ್ತದೆ.

ಕಾಲುವೆಪ್ರಿಯ:

ಸೇನ್ ಸೇಪ್ ಕಾಲುವೆಯ ದೋಣಿಯನ್ನು ಯಾರೂ ಹೇಳಲಿಲ್ಲ. 1837ರಲ್ಲಿ ತೋಡಲು ಶುರು ಮಾಡಿದ ಕಾಲುವೆ, ಇವತ್ತಿಗೂ ಆಫೀಸಿಗೆ ಹೋಗುವವರಿಗೆ ಅದೇ ಬಸ್ಸು. ದಡದ ಬಾನ್ ಕ್ರುವಾದಲ್ಲಿ ಚಾಮ್ ಎಂಬ ಸಮುದಾಯದ ಮುಸ್ಲಿಮರ ರೇಷ್ಮೆ ಮಗ್ಗವನ್ನೂ ನೋಡಬಹುದು.

ಆನ್‌ನುತ್_ಮೈಸೂರು:

ಸರ್, ನನಗೂ ಆ ದೋಣಿ ಬಹಳ ಇಷ್ಟ. ಬೇಕೆಂದೇ ಹೇಳಲಿಲ್ಲ. ಅದು ಕಟ್ಟೆಗೆ ತಾಗಿ ನಿಲ್ಲುವುದು ಅರೆಗಳಿಗೆ. ಅಷ್ಟರಲ್ಲಿ ಹಗ್ಗ ಹಿಡಿದು ಅಂಚು ದಾಟಿ ಒಳಗೆ ಇಳಿಯಬೇಕು. ನಮ್ಮತ್ತೆ ಬಂದಾಗ ಹಾಗೆ ಇಳಿಯಲು ಹೋಗಿ ಮಂಡಿ ಉಳುಕಿ, ಎರಡು ದಿನ ರೂಮಿನಲ್ಲೇ ಕೂರಬೇಕಾಯಿತು. ಮಂಡಿ ನೋವಿರುವ ತಾಯಿಗೆ ಬೇಡ. ಬಾನ್ ಕ್ರುವಾಕ್ಕೆ ಟ್ಯಾಕ್ಸಿಯಲ್ಲೇ ಹೋಗಲಿ.

ಅಟ್ಟೆಮಲ್ಲಿಗೆ:

ಹೋಗಿ ಬಂದೆವು. ಐದು ದಿನದಲ್ಲಿ ಮೂರು ಬೆಳಗಿನ ಜಾವ ಹೂಮಾರ್ಕೆಟ್‌ನಲ್ಲೇ ಕಳೆಯಿತು. ಬಾನ್ ಬಾತ್‌ಗೆ ಹೋಗಲು ಆಗಲಿಲ್ಲ. ಮೊದಲ ದಿನ ಅಮ್ಮ ದೂರ ನಿಂತು ನೋಡಿದರು. ಎರಡನೇ ದಿನ ಅರ್ಧ ಲೀಟರ್ ಮೊಗ್ಗು ಕೊಂಡು, ಅಲ್ಲೇ ಒಬ್ಬ 'ಪಾ' ಪಕ್ಕ ಸ್ಟೂಲ್ ಮೇಲೆ ಕೂತು, ಬ್ಯಾಗಿನಿಂದ ಬಾಳೆನಾರು ತೆಗೆದರು. ಊರಿನಿಂದ ತಂದಿದ್ದಾರೆ ಎಂದು ನನಗೂ ಗೊತ್ತಿರಲಿಲ್ಲ! ಸೂಜಿ ಇಲ್ಲದೆ, ಬರೀ ಬೆರಳಿನಲ್ಲಿ ಒಂದು ಗೇಣು ಕಟ್ಟುವ ಹೊತ್ತಿಗೆ ಸುತ್ತ ಆರೇಳು ಹೆಂಗಸರು ಸೇರಿದ್ದರು. ಆ ಪಾ ಗಂಟು ಬಿಚ್ಚಿ ನೋಡಿದರು, ಮತ್ತೆ ಕಟ್ಟಿ ತೋರಿಸಿ ಎಂದು ಸನ್ನೆ ಮಾಡಿದರು. ಅಮ್ಮ ತುಳುವಿನಲ್ಲಿ ಹೇಳಿಕೊಟ್ಟರು, ಅವರು ಥಾಯ್‌ನಲ್ಲಿ ಕೇಳಿದರು. ಮೂರನೇ ದಿನ ಹೊರಡುವಾಗ ಅವರು ಒಂದು ಸೂಜಿ ಕೊಟ್ಟರು, ಬಟ್ಟೆ ಸುತ್ತಿ ದೊಡ್ಡ ಬ್ಯಾಗಿನಲ್ಲಿ ತಂದೆವು.

ಅಮ್ಮ ಕೇಳುತ್ತಿದ್ದಾರೆ, ಅವರಿಗೆ ಇಲ್ಲಿಂದ ಒಂದು ಚೆಂಡು ಮಲ್ಲಿಗೆ ಕಳಿಸಲು ಆಗುತ್ತದಾ?

ಆನ್‌ನುತ್_ಮೈಸೂರು:

ಬರುವಷ್ಟರಲ್ಲಿ ಬಾಡಿಹೋಗುತ್ತದೆ ಅಮ್ಮಾ. ಚೆಂಡು ಕಟ್ಟಿ, ಕೈ ಕಾಣುವ ಹಾಗೆ ಒಂದು ವಿಡಿಯೊ ಮಾಡಿ ಕಳಿಸಿ. ಅವರು ಯಾವ ಸಾಲಿನಲ್ಲಿ ಕೂರುತ್ತಾರೆ ಎಂದೂ ಬರೆಯಿರಿ. ಶುಕ್ರವಾರ ಹೇಗೂ ಹೂ ತರಲು ಹೋಗುತ್ತೇನೆ, ತೋರಿಸಿ ಬರುತ್ತೇನೆ.